ಬಾಣಂತಿಗೊಂದು ಲೋಟ ನೀರು

ಪಕ್ಕದ ಮನೆಯಿಂದ ಇವತ್ತು ಬೆಳಗ್ಗೆ ಓಮ ಹುರಿಯುವ ವಾಸನೆ ಬಂತು. ಬರೀ ಓಮವಾಗಿದ್ದರೆ ಯಾರಿಗೋ ಹೊಟ್ಟೆ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಅದರ ಹಿಂದೆಯೇ ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ, ಅದರ ಹಿಂದೆ ಕಾಳುಮೆಣಸಿನ ಘಾಟು. ಇವೆಲ್ಲ ಒಟ್ಟಿಗೆ ಬಂದರೆ ಕೊಪ್ಪದ ಯಾವ ಬೀದಿಯಲ್ಲಾದರೂ ಅರ್ಥ ಒಂದೇ, ಆ ಮನೆಯಲ್ಲಿ ಬಾಣಂತಿ ಇದ್ದಾಳೆ. ಪಕ್ಕದ ಮನೆಯ ಸುಮಿತ್ರಮ್ಮನ ಮಗಳು ಹೆತ್ತು ಆಸ್ಪತ್ರೆಯಿಂದ ಬಂದಿರುವುದು ನನಗೂ ಗೊತ್ತಿತ್ತು. ಮಗು ನೋಡಿಕೊಂಡು ಬರೋಣವೆಂದು ಸೀರೆ ತೆಗೆದಿಟ್ಟಿದ್ದೆ. ಉಡುವುದು ಬಿಟ್ಟು ಅಡಿಗೆಮನೆಗೆ ಹೋಗಿ ನೀರು ಕುಡಿದೆ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇಂದಿಗೂ ಬಾಯಾರುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ಬಾಣಂತನ ಮಾಡಿದವರು ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ ಗಿರಿಜಮ್ಮ. ಊರು ಮುತ್ತಿನಕೊಪ್ಪ. ಅಮ್ಮನಿಗೆ ಸೊಂಟನೋವು, ಬಗ್ಗಿ ಏಳಲಾಗದು. ಹಾಗಾಗಿ ಹೆರಿಗೆಯ ದಿನ ಹತ್ತಿರವಾದಂತೆ ನನ್ನನ್ನು ದೊಡ್ಡಮ್ಮನ ಮನೆಗೇ ಸಾಗಿಸಿದ್ದರು. ಸಾಗಿಸಿದ್ದರು ಎನ್ನುವುದು ಸುಮ್ಮನೆ ಹೇಳಿದ್ದಲ್ಲ. ದೊಡ್ಡಮ್ಮನ ಕೈಯಲ್ಲಿ ಬಾಣಂತನವಾಗುವುದೆಂದರೆ ಮೂರು ತಾಲೂಕಿನಲ್ಲೂ ಒಂದು ಮರ್ಯಾದೆ. ಕಿಗ್ಗದಿಂದ, ಕೆರೆಕಟ್ಟೆಯ ಕಡೆಯಿಂದ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆಕೆ ಎಣ್ಣೆ ತಿಕ್ಕಿದ ಕೂಸಿನ ಬೆನ್ನು ಬಾಗುವುದಿಲ್ಲ, ಆಕೆ ಸೊಂಟ ಬಿಗಿದು ಕಟ್ಟಿದ ಬಾಣಂತಿಗೆ ಮುಪ್ಪಿನವರೆಗೆ ನಡುನೋವಿಲ್ಲ ಎಂದು ಪ್ರತೀತಿ. ಅದೇ ಕೈಯಲ್ಲಿ ಬಾಣಂತನವಾಗಿ, ಈಗ ನನ್ನ ಜೊತೆ ಬಂದು ಪಕ್ಕದ ಕೋಣೆಯಲ್ಲೇ ಮಲಗಿದ್ದ ಅಮ್ಮನ ಸೊಂಟದ ಬಗ್ಗೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಈ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು ಅಷ್ಟೆ. ನಮ್ಮೂರಿಗೂ ಮೊಬೈಲ್ ಬಂದಿತ್ತು, ಸಿಗ್ನಲ್ ಬೇಕಾದರೆ ಬಾವಿಕಟ್ಟೆ ಹತ್ತಬೇಕಿತ್ತು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟರಮ್ಮ. ವಿಸರ್ಜನಾಂಗದ ಪಾಠವೆಂದರೆ ನನಗೆ ಪ್ರಾಣ. ಬಣ್ಣದ ಸೀಮೆಸುಣ್ಣದಲ್ಲಿ ಮೂತ್ರಪಿಂಡ ಬರೆದು, ರಕ್ತ ಹೇಗೆ ಒಳಗೆ ಹೋಗುತ್ತದೆ, ಹೇಗೆ ಸೋಸುತ್ತದೆ, ಮೈಗೆ ನೀರು ಸಾಲದಿದ್ದಾಗ ಅದು ಹೇಗೆ ಹನಿ ಹನಿಯನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಹೇಳುವಾಗ ನಾನೇ ಮೈಮರೆಯುತ್ತಿದ್ದೆ. ಅದರ ಮುಂದಿನ ಪಾಠ ಸಂತಾನೋತ್ಪತ್ತಿ. ಅದನ್ನು ಮಾತ್ರ ಕಿಟಕಿಯ ಹೊರಗಿದ್ದ ಹಲಸಿನ ಮರಕ್ಕೆ ಹೇಳಿಕೊಡುತ್ತಿದ್ದೆ. ಮರ ಚೆನ್ನಾಗಿ ಕಲಿತಿರಬೇಕು, ಪ್ರತಿ ವರ್ಷವೂ ಕಾಯಿ ಬಿಡುತ್ತಿತ್ತು.

ಇಂಥ ಪಂಡಿತೆಯನ್ನು ಬಾಣಂತಿ ಕೋಣೆಗೆ ಹಾಕಿದ ದೊಡ್ಡಮ್ಮ ಹೇಳಿದ ಮೊದಲ ಮಾತು, "ನೋಡು ಕೂಸೆ, ಕೇಳಿದ್ದೆಲ್ಲ ಕೊಡ್ತೀನಿ. ನೀರು ಮಾತ್ರ ಕೇಳ್ಬೇಡ."

ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಈ ಕಟ್ಟುಪಾಡು ಅವರಿಗೂ ಗೊತ್ತಿರುತ್ತದೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮೈ ನಂಜಾಗುತ್ತದೆ, ಹಾಲಿನ ಮೂಲಕ ಕೂಸಿಗೆ ಶೀತ ಹೋಗುತ್ತದೆ. ಊಟವಾದ ಮೇಲೆ ಜೀರಿಗೆ ಹಾಕಿ ಕುದಿಸಿದ್ದು ಒಂದು ಗುಟುಕು. ಅದೂ ಪುಟ್ಟ ಬೆಳ್ಳಿ ಲೋಟದಲ್ಲಿ, ತೀರ್ಥದ ಹಾಗೆ. ಅನ್ನ, ತುಪ್ಪ, ಮೆಣಸಿನ ಸಾರು, ಓಮದ ಪುಡಿ, ಎಲ್ಲವೂ ಒಣ, ಎಲ್ಲವೂ ಖಾರ. ಮೈಗೆ ಮಾತ್ರ ನೀರೋ ನೀರು. ಬಚ್ಚಲಿನ ಹಂಡೆಯಲ್ಲಿ ಕೊತಕೊತ ಕುದಿಯುವ ನೀರನ್ನು ದೊಡ್ಡಮ್ಮ ಚೊಂಬು ಚೊಂಬಾಗಿ ಎತ್ತಿ ಹೊಯ್ಯುತ್ತಿದ್ದರು, ಹಂಡೆ ಬರಿದಾಗುವವರೆಗೆ. ಹೊರಗಿನಿಂದ ನಾನು ಬೆಂದ ಗೆಣಸು, ಒಳಗಿನಿಂದ ಹಪ್ಪಳ.

ಕೂಸನ್ನು ಎದೆಗೆ ಹಾಕಿಕೊಂಡಾಗ ಶುರುವಾಗುವ ಬಾಯಾರಿಕೆ ಇದೆಯಲ್ಲ, ಅದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಕೂಸು ಬಾಯಿ ಹಚ್ಚಿ ಎರಡು ಸಲ ಎಳೆಯುತ್ತಿದ್ದಂತೆ ನನ್ನ ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಾಲು ಇಳಿಸುವ ಹಾರ್ಮೋನೇ ದಾಹವನ್ನೂ ಎಬ್ಬಿಸುತ್ತದೆ ಎಂದು ಆಮೇಲೆ ಓದಿ ತಿಳಿದೆ. ದೇಹ ಹೆಡ್ಡ ಅಲ್ಲ, ಕೊಡುವ ಹೊತ್ತಿಗೇ ಕೇಳುತ್ತದೆ. ಕೇಳಿದ್ದನ್ನು ಕೊಡುವವರು ಬೇಕು, ಅಷ್ಟೆ.

ಹಾಗೇ ಕೆಲವು ದಿನ ಕಳೆದವು. ಮೂತ್ರ ಕಡಿಮೆಯಾಯಿತು, ಕಡು ಹಳದಿಯಾಯಿತು, ಉರಿ ಶುರುವಾಯಿತು. ಒಂದು ಮಧ್ಯಾಹ್ನ ಚಳಿ ಹಿಡಿದು ಮೈ ಗಡಗಡ ನಡುಗಿ ಜ್ವರ ಏರಿತು. ದೊಡ್ಡಮ್ಮನೇ ಜೀಪು ತರಿಸಿ ಎನ್.ಆರ್. ಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ, ಮೂತ್ರದ ಸೋಂಕು ಎಂದರು. "ದಿನಕ್ಕೆ ಎಷ್ಟು ನೀರು ಕುಡಿತೀರಿ?" ಎಂದು ಕೇಳಿದರು. ನಾನು ದೊಡ್ಡಮ್ಮನ ಮುಖ ನೋಡಿದೆ.

"ಊಟದ ಮೇಲೆ ಒಂದು ಗುಟುಕು ಕೊಡ್ತೀವಿ" ಎಂದರು ದೊಡ್ಡಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವೇನು ಕೆಲಸ ಮಾಡ್ತೀರಮ್ಮ?"

"ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳ್ಕೊಡ್ತೀನಿ."

ಅವರು ಪೆನ್ನು ಕೆಳಗಿಟ್ಟರು, ಮತ್ತೆ ತೆಗೆದುಕೊಂಡರು. ಆಮೇಲೆ ಹೇಳಿದರು, "ಮಾತ್ರೆ ಬರೀತೀನಿ. ನೀರಿಲ್ದೆ ಮಾತ್ರೆ ಒಂದೇ ಸಾಕಾಗಲ್ಲ. ಹಾಲು ಹೇಗೋ ಬರುತ್ತೆ, ಮೈ ನಿಮ್ಮಿಂದ ಕಿತ್ತಾದ್ರೂ ಮಗೂಗೆ ಕೊಡುತ್ತೆ. ಹಾಗೆ ಕಿತ್ತಿದ್ದು ಕಿಡ್ನಿ ಪಾಲಿಂದು. ಇದೇ ಮುಂದುವರಿದ್ರೆ ಸೋಂಕು ಅಲ್ಲಿಗೆ ಹತ್ತುತ್ತೆ, ನೆನಪಿರಲಿ."

ಜೀಪಿನಲ್ಲಿ ದೊಡ್ಡಮ್ಮ ನನ್ನ ಮೈಗೆ ಕಂಬಳಿ ಸುತ್ತಿದರು. ಆಮೇಲೆ, "ಅವ್ರಿಗೆ ಹೆರಿಗೆ ಮಾಡ್ಸದು ಗೊತ್ತು. ಬಾಣಂತನ ಆಸ್ಪತ್ರೆಲಿ ಎಲ್ಲಿ ಮಾಡ್ತಾರೆ? ಎರಡು ದಿನಕ್ಕೆ ಮನೆಗೆ ಕಳಿಸ್ತಾರಲ" ಎಂದರು.

ಮಾತ್ರೆ ಬಂತು, ನೀರು ಬರಲಿಲ್ಲ. ನಾನು ಜ್ವರದಲ್ಲೇ ಪಾಠಕ್ಕೆ ನಿಂತೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದೆ. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಎರಡು ಗೇರುಬೀಜ ಎಂತಕ್ಕೆ ಬರ್ದೆ?" ಎಂದರು. ಅದು ಸೋಸುವ ಅಂಗ ಎಂದೆ. ಅವರ ವಾದ ಅವರಿಗಿತ್ತು, ಅದು ದಡ್ಡ ವಾದವೂ ಆಗಿರಲಿಲ್ಲ. "ಬಸುರೀಲಿ ನಿನ್ನ ಕಾಲು ಊದಿ ಚಪ್ಲಿ ಹೋಗ್ತಿರ್ಲಿಲ್ಲ. ಅದು ನೀರಲ್ದೆ ಎಂತ? ಇದ್ದ ನೀರೇ ಇಳೀಲಿ ಅಂತ ಕಾಯದು ಬಿಟ್ಟು ಮೇಲಿಂದ ಇನ್ನೂ ತುಂಬ್ಸದಾ ಮಾರಾಯ್ತಿ?" ಆ ನೀರನ್ನು ಹೆತ್ತ ಮೊದಲ ದಿನಗಳಲ್ಲೇ ಮೂತ್ರಪಿಂಡ ಹೊರಗೆ ಹಾಕಿಯಾಗಿದೆ, ಬೆವರಿನಲ್ಲಿ ಹಾಸಿಗೆ ಒದ್ದೆಯಾಗಿದ್ದು ಅದಕ್ಕೇ, ನೀನೇ ಬಟ್ಟೆ ಬದಲಾಯಿಸಿದೆಯಲ್ಲ ಎಂದೆ. ಮಗ್ಗಿ ಒಪ್ಪಿಸುವ ಮಗುವಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿ ಎದ್ದು ಹೋದರು.

ಮರುದಿನ ಕೊಟ್ಟಿಗೆಯಲ್ಲಿ ಕಪಿಲೆ ಕರು ಹಾಕಿತು. ಬಾಣಂತಿ ಕೋಣೆಯ ಸಣ್ಣ ಕಿಟಕಿಯಿಂದ ಕೊಟ್ಟಿಗೆ ಕಾಣುತ್ತಿತ್ತು. ದೊಡ್ಡಮ್ಮ ಬಿಸಿನೀರಿಗೆ ತೌಡು, ಬೆಲ್ಲ, ಚಿಟಿಕೆ ಉಪ್ಪು ಕಲಸಿ ಬಕೆಟ್ ತುಂಬ ತಂದಿಟ್ಟರು. ಕಪಿಲೆ ಮೂತಿ ಮುಳುಗಿಸಿ ಸೊರಸೊರ ಎಳೆಯಿತು. ದೊಡ್ಡಮ್ಮ ಅದರ ಬೆನ್ನು ಸವರುತ್ತ, "ಕುಡಿ ಕುಡಿ, ಮೈ ಬರಿದಾಗಿದೆ" ಎನ್ನುತ್ತಿದ್ದರು. ಬಕೆಟ್ ಖಾಲಿಯಾಯಿತು. ಇನ್ನೊಂದು ತಂದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದನದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

"ದೊಡ್ಡಮ್ಮ, ಅದಕ್ಕೂ ಹೊಟ್ಟೆ ಇಳೀಬೇಕಲ್ಲ. ಅದರ ಕರುಗೆ ಶೀತ ಆಗಲ್ವಾ?"

ಅವರು ತಿರುಗಿ ನೋಡಿದರು. ಬಕೆಟ್ ಹಿಡಿದುಕೊಂಡು ಕೊಟ್ಟಿಗೆಯಲ್ಲಿ ಎಷ್ಟು ಹೊತ್ತು ನಿಂತರೆಂದರೆ ಒಳಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ದೊಡ್ಡ ಹಿತ್ತಾಳೆ ತಂಬಿಗೆ. ಕುದಿಸಿ ಆರಿಸಿದ ನೀರು.

"ಕುಡಿ" ಎಂದರು. "ದನಕ್ಕೆ ಕೊಟ್ಟಿದ್ದು ಮನೆ ಮಗಳಿಗೆ ಕೊಡ್ಲಿಲ್ಲ ಅಂತ ಹೇಳಿಸ್ಕೊಂಡು ನಾನು ಇರಬಾರ್ದು."

ಕುಡಿದೆ. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಅದು ಇಳಿಯುವುದು ತಿಳಿಯುತ್ತಿತ್ತು. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ಉಂಡಿಲ್ಲ, ಕುಡಿದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅವರು ನನ್ನ ದೊಡ್ಡಮ್ಮನೇ ಅಲ್ಲ. ನೀರಿನ ಗುಣವನ್ನು ಅವರೇ ಪರೀಕ್ಷೆ ಮಾಡತೊಡಗಿದರು. ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು, "ಇವತ್ತು ಬಣ್ಣ ಹೆಂಗಿತ್ತು?" ಎಂದು ಕೇಳುವರು. ನಾನು "ತಿಳಿ" ಎಂದರೆ ಮುಖ ಅರಳುವುದು. ಮಗು ನೋಡಲು ಬಂದಿದ್ದ ನನ್ನ ಯಜಮಾನರ ಎದುರೂ ಕೇಳಿದರು, ಜೊತೆಗೆ ಬಂದಿದ್ದ ಅವರ ಶಾಲೆಯ ಹೆಡ್ ಮಾಸ್ಟರ ಎದುರೂ ಕೇಳಿದರು. ಹೆಡ್ ಮಾಸ್ಟರು ಹೊಸ ಸೀರೆಯ ಬಣ್ಣವೆಂದು ತಿಳಿದು ನಸುನಕ್ಕರು. ವಾರದೊಳಗೆ ಉರಿ ಹೋಯಿತು, ಜ್ವರ ಮರಳಲಿಲ್ಲ, ಹೊಟ್ಟೆಯೂ ತನ್ನ ಪಾಡಿಗೆ ಇಳಿಯಿತು. ಹಾಲು ಕೊಡುವಾಗಲೇ ಬಾಯಾರುತ್ತದೆಂದು ನಾನು ಹೇಳಿದ್ದನ್ನು ಹಿಡಿದುಕೊಂಡು ದೊಡ್ಡಮ್ಮ ಹೊಸ ಕಾನೂನು ಮಾಡಿದರು: ಕೂಸನ್ನು ಎದೆಗೆ ಹಾಕಿಕೊಳ್ಳುವ ಮೊದಲು ಒಂದು ಲೋಟ ನೀರು. ಕುಡಿಯದೆ ಕೂಸು ಕೈಗೆ ಬರುತ್ತಿರಲಿಲ್ಲ.

ಆದರೂ, ಮನೆಯೊಳಗೆ ಮನಸ್ಸು ಬದಲಾಯಿಸುವುದು ಒಂದು ಮಾತು, ಊರೆದುರು ಬದಲಾಯಿಸುವುದು ಇನ್ನೊಂದು. ನನ್ನ ಮಗಳು ಮಗುಚಿ ಬೀಳುವ ಹೊತ್ತಿಗೆ ಕಿಗ್ಗದ ನೆಂಟರ ಮನೆಯಲ್ಲಿ ಸೊಸೆ ಹೆತ್ತಳು. ದೊಡ್ಡಮ್ಮನಿಗೆ ಜೀಪು ಬಂತು. ನಾಮಕರಣದ ದಿನ ನಾನೂ ಹೋಗಿದ್ದೆ. ಊಟವಾಗಿ ಹೆಂಗಸರೆಲ್ಲ ಬಾಣಂತಿ ಕೋಣೆಯಲ್ಲಿ ಕೂತಿದ್ದರು. ದೊಡ್ಡಮ್ಮ ಲೋಟ ತುಂಬಿ ಬಾಣಂತಿಯ ಕೈಗೆ ಕೊಟ್ಟರು.

ಆ ಮನೆಯ ಹಿರಿಯಜ್ಜಿ ಕೇಳಿದರು, "ಎಂತ ಗಿರಿಜಾ, ನಿಂಗೆ ಮರುಳಾ? ನನ್ನ ಮಗಳಿಗೂ ನೀನೇ ಬಾಣಂತನ ಮಾಡಿದ್ದೆ. ಆಗ ಹನಿ ನೀರು ಕೊಟ್ಟಿರ್ಲಿಲ್ಲ."

ಹೆಸರೆಂಬುದು ಹೋದರೆ ಇಂಥ ಕೋಣೆಯಲ್ಲೇ ಹೋಗುತ್ತದೆ. ಡಾಕ್ಟರ್ ಹೇಳಿದ್ದಾರೆಂದು ತಪ್ಪಿಸಿಕೊಳ್ಳಬಹುದಿತ್ತು. ಓದಿದ ಹುಡುಗಿಯ ಹಠ ಎಂದು ನನ್ನ ಕಡೆ ಬೆರಳು ತೋರಿಸಬಹುದಿತ್ತು. ದೊಡ್ಡಮ್ಮ ಹಾಗೆ ಮಾಡಲಿಲ್ಲ.

"ಕೊಟ್ಟಿರ್ಲಿಲ್ಲ" ಎಂದರು. "ತಪ್ಪು ಮಾಡಿದ್ದೆ. ನಿಮ್ಮ ಮಗಳು ಇಲ್ಲೇ ಕೂತಿದಾಳೆ. ಬಾಯಾರಿತ್ತಾ ಇಲ್ವಾ, ಅವಳನ್ನೇ ಕೇಳಿ."

ಆ ಮಗಳಿಗೆ ಆಗಲೇ ತಲೆ ಅರ್ಧ ನರೆತಿತ್ತು. ಮೊದಲು ಸುಮ್ಮನೆ ಸೆರಗು ಸರಿಮಾಡಿಕೊಂಡರು. ಆಮೇಲೆ ಅಮ್ಮನ ಮುಖ ನೋಡದೆ ಹೇಳಿದರು, "ಬಚ್ಚಲಲ್ಲಿ ಗಿರಿಜಕ್ಕ ನೀರು ಹೊಯ್ಯವಾಗ ಬಾಯಿ ತೆಕ್ಕೊಂಡು ಕೂರ್ತಿದ್ದೆ. ತಲೆಯಿಂದ ಇಳಿದಿದ್ದು ಬಾಯಿಗೆ ಬರ್ತಿತ್ತಲ. ಅದನ್ನೇ ಕುಡಿತಿದ್ದೆ."

ಮೂಲೆಯಿಂದ ಒಬ್ಬರು, "ನಾನೂ" ಎಂದರು. ಗೋಡೆಗೊರಗಿ ಕೂತಿದ್ದ ಇನ್ನೊಬ್ಬರು, "ಸೀಗೆಪುಡಿ ಕಹಿ ಇರ್ತಿತ್ತು" ಎಂದರು. ಒಬ್ಬರ ಹಿಂದೆ ಒಬ್ಬರು, ಅತ್ತೆಯಂದಿರು, ಅಜ್ಜಿಯಂದಿರು. ಕೊನೆಗೆ ಆ ಹಿರಿಯಜ್ಜಿಯೂ ತಲೆ ತಗ್ಗಿಸಿ, "ನಾನೂ ಕುಡಿದಿದ್ದೆ ಅನ್ನು" ಎಂದರು. ಒಂದೊಂದು ಬಚ್ಚಲಲ್ಲೂ ಒಬ್ಬೊಬ್ಬಳು ತನಗೊಬ್ಬಳಿಗೇ ಈ ಬುದ್ಧಿ ಹೊಳೆದಿದೆ ಎಂದುಕೊಂಡು ಕದ್ದು ಕುಡಿದಿದ್ದಳು, ಮತ್ತು ತನ್ನ ಮಗಳಿಗೆ, ಸೊಸೆಗೆ ನೀರು ಕೊಟ್ಟಿರಲಿಲ್ಲ. ದೊಡ್ಡಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಆ ನೀರು ಹೊಯ್ದ ಕೈ ಅದು. ಅವತ್ತು ನನಗೆ ಅವರ ಮೇಲೆ ಬಂದ ಹೆಮ್ಮೆಗೆ ಸಾಟಿಯಿಲ್ಲ. ನಾನು ಪುಸ್ತಕ ನೋಡಿ ಸರಿಯಾದದ್ದನ್ನು ಹೇಳಿದವಳು. ಅವರು ತಮ್ಮ ಇಡೀ ಹೆಸರನ್ನು ಆ ಲೋಟದ ಪಕ್ಕ ಇಟ್ಟವರು.

ದೊಡ್ಡಮ್ಮ ಹೋಗಿ ಈಗ ಕೆಲವು ವರ್ಷವಾಯಿತು. ಅವರ ಎಣ್ಣೆ, ಅವರ ಲೇಹ್ಯ, ಅವರು ಸೊಂಟ ಕಟ್ಟುತ್ತಿದ್ದ ರೀತಿಯ ಬಗ್ಗೆ ಜನ ಈಗಲೂ ಹೇಳುತ್ತಾರೆ. ನೀರಿನ ಮಾತು ಯಾರೂ ಎತ್ತುವುದಿಲ್ಲ. ಅದೊಂದು ಕೊರಗು ನನಗೆ ಒಳಗೊಳಗೇ ಇತ್ತು.

ಸೀರೆ ಉಟ್ಟು ಪಕ್ಕದ ಮನೆಗೆ ಹೋದೆ. ಮಗು ಅಳುತ್ತಿತ್ತು. ಬಾಣಂತಿ ಎತ್ತಿಕೊಳ್ಳಲು ಕೈ ಚಾಚಿದರೆ ಸುಮಿತ್ರಮ್ಮ ಕೊಡಲಿಲ್ಲ, ನೀರಿನ ಲೋಟ ಮುಂದೆ ಹಿಡಿದರು.

"ಮೊದ್ಲು ಇದನ್ನ ಮುಗ್ಸು. ಆಮೇಲೆ ಕೂಸು."

"ಈಗ ಬೇಡ ಅಮ್ಮ."

"ಬೇಡ ಅನ್ನಂಗಿಲ್ಲ" ಎಂದು ನನ್ನ ಕಡೆ ತಿರುಗಿದರು. "ಈಗಿನ ಹುಡುಗ್ರಿಗೆ ಎಂತ ಹೇಳದು ಟೀಚರೇ. ನಮ್ಮಮ್ಮನ ತವರು ಕಿಗ್ಗದ ಕಡೆ. ಅಲ್ಲಿ ಹಿಂದಿನ ಕಾಲದಿಂದ್ಲೂ ಹಿಂಗೇ. ದೊಡ್ಡೋರು ಮಾಡಿಟ್ಟಿದ್ದು, ಮೀರಬಾರ್ದು."

ಇಷ್ಟು ವರ್ಷ ಇದ್ದ ಕೊರಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಣ್ಣು ಮಂಜಾಯಿತು, ನಗುವೂ ಬಂತು.

"ಮೀರಬೇಡ ಮಗಳೆ" ಎಂದೆ ಆ ಹುಡುಗಿಗೆ. "ಅದನ್ನ ಮಾಡಿಟ್ಟ ದೊಡ್ಡೋರು ನನ್ನ ದೊಡ್ಡಮ್ಮ."

ಅವಳು ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕಳು. ನಗುತ್ತಲೇ ಲೋಟ ಎತ್ತಿ, ತಳ ಕಾಣುವವರೆಗೆ ಕುಡಿದು, ಮಗುವಿಗೆ ಕೈ ಚಾಚಿದಳು.