ಹೊಸ ಅಳಿಯನಿಗೆ ಬಡಿಸಿದ ಸಿಗಡಿ

ಮೊಮ್ಮಗಳ ಶಾಲೆಯ ಚೀಲ ಒದರಿದರೆ ದಪ್ಪ ಪೆನ್ನಿನಂಥದ್ದೊಂದು ಬಿತ್ತು. ಪೆನ್ನಲ್ಲ, ಇಂಜೆಕ್ಷನ್. ನೆಲಕಡಲೆಯ ಚೂರು ಬಾಯಿಗೆ ಹೋದರೂ ಅವಳಿಗೆ ಉಸಿರು ಕಟ್ಟುತ್ತದೆ. ಆಗ ಅದನ್ನು ತೊಡೆಗೆ ಚುಚ್ಚಬೇಕು. ಕೈಯಲ್ಲಿ ಹಿಡಿದದ್ದೇ ತಡ, ಭಾವ ನೆನಪಾದರು...

ಅರವತ್ತರ ದಶಕದ ಮೊದಲ ವರ್ಷಗಳು. ಅಲರ್ಜಿ ಎಂಬ ಮಾತನ್ನೇ ನಾವು ಕೇಳಿರಲಿಲ್ಲ. ಅಕ್ಕನ ಮದುವೆಯಾದ ಮೇಲೆ ಭಾವ ನಮ್ಮ ಕೂಳೂರಿನ ಮನೆಗೆ ಮೊದಲ ಸಮ್ಮಾನದ ಊಟಕ್ಕೆ ಬಂದಿದ್ದರು. ಹೆಂಚಿನ ಕಾರ್ಖಾನೆಯ ಗುಮಾಸ್ತ. ಮಾತು ಕಡಿಮೆ, ನಗು ಜಾಸ್ತಿ. ಶಾಲೆಗೆ ಹೋಗುತ್ತಿದ್ದ ನನಗಂತೂ ಹೇಳತೀರದ ಸಂಭ್ರಮ! ಸಮ್ಮಾನದಲ್ಲಿ ಅತ್ತೆ ಬಡಿಸಿದ್ದನ್ನು ಹೊಸ ಅಳಿಯ ಬೇಡವೆನ್ನುವಂತಿಲ್ಲ. ಅಮ್ಮ ಮಾಡಿದ್ದು ಸಿಗಡಿ ಸುಕ್ಕ. ಅಕ್ಕನಿಗೆ ಅದೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಸಿಗಡಿ ತಿಂದು ಮೈಯೆಲ್ಲ ದದ್ದು ಎದ್ದದ್ದು ಭಾವನಿಗೆ ನೆನಪಿತ್ತು. ಆದರೂ ಮರ್ಯಾದೆಗೆ ಅಂಜಿ ತಿಂದರು. ಎಲೆ ಖಾಲಿಯಾದದ್ದು ಕಂಡು ಅಮ್ಮ ಇನ್ನೊಂದು ಸೌಟು ಸುರಿದರು. ಅದನ್ನೂ ತಿಂದರು, ಪುಣ್ಯಾತ್ಮ!

ಪಾಯಸ ಬರುವುದರೊಳಗೆ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಉಸಿರು ಸಿಳ್ಳೆ ಹಾಕತೊಡಗಿತು. ದೃಷ್ಟಿ ತಾಗಿದೆಯೆಂದು ಅಮ್ಮ ಉಪ್ಪು, ಮೆಣಸು ಹಿಡಿದು ಓಡಿ ಬಂದರು. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡುಗಿದಳು:

"ದೃಷ್ಟಿ ಆಮೇಲೆ ತೆಗಿಯಮ್ಮ! ಅವರಿಗೆ ಉಸಿರೇ ಬರ್ತಾ ಇಲ್ಲ, ಕಾಣುದಿಲ್ವಾ?"

ಅವಳೇ ಓಡಿ ಪಕ್ಕದ ಮನೆಯ ಬ್ಯಾರಿ ಸಾಹುಕಾರರನ್ನು ಕರೆತಂದಳು. "ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೆ!" ಎಂದು ಅವರು ಜೀಪು ಬಿಟ್ಟದ್ದೇ ಬಿಟ್ಟದ್ದು. ಹಾರ್ನಿನಿಂದ ಕೈ ತೆಗೆಯಲಿಲ್ಲ. ಎತ್ತಿನ ಗಾಡಿಗಳೆಲ್ಲ ಚರಂಡಿಯ ಬದಿಗೆ! ಹಿಂದೆ ಅಕ್ಕನ ಮಡಿಲಲ್ಲಿ ಭಾವನ ತಲೆ. ತುಟಿ ನೀಲಿಯಾಗುತ್ತಿತ್ತು. ನಾನು ಅವರ ಕಾಲು ಹಿಡಿದು ಕೂತಿದ್ದೆ, ಬಿಟ್ಟರೆ ಹೋಗಿಯೇಬಿಡುತ್ತಾರೆಂದು.

ಫಳ್ನೀರಿನ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚಿದರು. ನೋಡನೋಡುತ್ತಿದ್ದಂತೆ ಸಿಳ್ಳೆ ನಿಂತಿತು, ಎದೆ ಸಲೀಸಾಗಿ ಏರಿಳಿಯಿತು. ನಾನು ಜಗಲಿಯಲ್ಲಿ ಕುಣಿದೇಬಿಟ್ಟೆ! ಭಾವ ಕಣ್ಣು ಬಿಟ್ಟು ಆಡಿದ ಮೊದಲ ಮಾತು, "ಅತ್ತೆಗೆ ಹೇಳು, ಸುಕ್ಕ ಒಳ್ಳೆದಿತ್ತು."

ಅಂದಿನಿಂದ ಅಕ್ಕ ಸಿಗಡಿ ಮುಟ್ಟಲಿಲ್ಲ. ಭಾವ ತುಂಬಾ ವರ್ಷ ಬಾಳಿದರು... ಈಗ ಅವರಿಲ್ಲ. ಮೊನ್ನೆ ನಾನೇ ಸುಕ್ಕ ಮಾಡಿ ಅಕ್ಕನ ಮುಂದಿಟ್ಟೆ.

"ಇನ್ನು ಎಂತ ಹೆದರಿಕೆ ಅಕ್ಕ, ಸ್ವಲ್ಪ ತಿನ್ನು."

ಅವಳು ಬಟ್ಟಲನ್ನು ದೂರ ಸರಿಸಿದಳು.

"ಬೇಡ ಮಾರಾಯ್ತಿ. ಕೈಗೆ ತಾಗಿದ್ರೆ? ಅವರಿಗೆ ನಾನೇ ಅಲ್ವಾ ಬಡಿಸುದು..."