ಉಡಿಯ ಐದು ರೂಪಾಯಿ

ನಮ್ಮ ಮನೆತನದಲ್ಲಿ ಪರದೇಶ ಕಂಡವರು ಯಾರೂ ಇಲ್ಲ ಎಂದು ಮೊಮ್ಮಕ್ಕಳು ಅಂದಾಗ ನನಗೆ ಸಿಟ್ಟು ಬರುತ್ತದೆ. ನಾನು ಕಂಡಿದ್ದೇನೆ. ವಿಮಾನ ಹತ್ತಿ ಅಲ್ಲ, ನಾವೆ ಹತ್ತಿ. ಭೀಮಾ ನದಿಯ ಈ ದಂಡೆಯಲ್ಲಿ ನಮ್ಮ ಕಲ್ದಾರ್ ರೂಪಾಯಿ ನಡೆಯುತ್ತಿತ್ತು, ಆ ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ. ಆ ಸೀಮೆಗೆ ನಮ್ಮ ಕಡೆಯವರು ಮೊಗಲಾಯಿ ಎನ್ನುತ್ತಿದ್ದರು. ರೊಕ್ಕ ಬೇರೆ, ಕಚೇರಿಯ ಅಕ್ಷರ ಬೇರೆ, ಗಡಿಯ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸದೆ ಒಳಗೆ ಬಿಡುತ್ತಿರಲಿಲ್ಲ. ಇದು ಪರದೇಶ ಅಲ್ಲದೆ ಮತ್ತೇನು?

ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲ. ಜತ್ತ ತಾಲೂಕಿನ ವಳಸಂಗ ನನ್ನ ತವರು, ನನಗಾಗ ಹದಿನೈದು. ಅಕ್ಕನನ್ನು ಎರಡು ವರ್ಷದ ಹಿಂದೆ ಮೊಗಲಾಯಿಗೆ ಕೊಟ್ಟಿದ್ದರು. ಕೊಟ್ಟಾಗ ಎಲ್ಲ ಸುರಳೀತ ಇತ್ತು. ಈಗ ಅವಳು ಬಸುರಿ, ಏಳು ತಿಂಗಳು ತುಂಬಿತ್ತು, ಆ ಸೀಮೆಯಲ್ಲಿ ಗಲಾಟೆ ಎದ್ದಿತ್ತು, ಜನ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟುತ್ತಿದ್ದಾರೆ ಎಂಬ ಸುದ್ದಿ ದಿನಕ್ಕೊಂದು ಬರುತ್ತಿತ್ತು. ಬೀಗರು ಒಬ್ಬ ಬಳೆಗಾರನ ಕೈಯಲ್ಲಿ ಹೇಳಿ ಕಳಿಸಿದರು: ಮಗಳನ್ನು ಚೊಚ್ಚಲ ಬಾಣಂತನಕ್ಕೆ ಬೇಗ ಕರೆದುಕೊಂಡು ಹೋಗಿ, ಆದರೆ ಗಂಡಸರು ಬರಬೇಡಿ, ನಾಕಾದಲ್ಲಿ ಗಂಡಸರಿಗೆ ಭಾಳ ಚೌಕಶಿ.

ಅವ್ವನೇ ಎದ್ದಳು. “ನಾ ಹೋಗತೀನಿ. ಇಕಿ ಬರಲಿ ನನ್ನ ಸಂಗಾಟ. ಸಾಲಿ ಕಲತಾಳ, ಲೆಕ್ಕ ಬರತೈತಿ,” ಎಂದು ನನ್ನ ಕಡೆ ಕೈ ಮಾಡಿದಳು. ನಾನು ಮರಾಠಿ ಸಾಲಿಯ ನಾಲ್ಕನೆಯ ಇಯತ್ತೆ ಮುಗಿಸಿದವಳು. ಆ ನಾಲ್ಕು ಇಯತ್ತೆ ಯಾಕಾದರೂ ಕಲಿತೆನೋ ಎಂದು ಅವತ್ತು ನನಗೆ ಅನಿಸಿದ್ದು ಸುಳ್ಳಲ್ಲ.

ಜತ್ತಕ್ಕೆ ಬಂದು, ಇದ್ದಿಲ ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಬಸ್ಸು, ಆಮೇಲೆ ಚಕ್ಕಡಿ. ಹೊಳೆಯ ದಂಡೆ ಮುಟ್ಟುವಾಗ ಎರಡನೆಯ ದಿನದ ಹೊತ್ತು ಏರಿತ್ತು. ಬೇವಿನ ಗಿಡದ ಕೆಳಗೆ ಒಬ್ಬ ಸರಾಫ ಕಟ್ಟಿಗೆಯ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ರೊಕ್ಕ ಬದಲಿಸಿ ಕೊಡುವುದೇ ಅವನ ಉದ್ಯೋಗ.

“ನಿಮ್ಮ ಆರಕ್ಕ ಅವರ ಏಳು ಬರತಾವ. ಅದರಾಗ ನಂದು ಸ್ವಲ್ಪ ವಟ್ಟ,” ಎಂದ.

ಅವ್ವ ಇಪ್ಪತ್ನಾಲ್ಕು ಕಲ್ದಾರ್ ಕೊಟ್ಟಳು. ಇಪ್ಪತ್ತೆಂಟು ಬರಬೇಕು ಎಂದು ನಾನು ಬೆರಳು ಮಡಚಿ ಹೇಳಿದೆ. ಅವನು ವಟ್ಟ ಹಿಡಿದು ಇಪ್ಪತ್ತೇಳು ಎಣಿಸಿದ. ಕಡಿಮೆ ಕೊಟ್ಟು ಹೆಚ್ಚು ಪಡೆದ ಅವ್ವನಿಗೆ ಖುಷಿ ಆಗಬೇಕಿತ್ತಲ್ಲ? ಸಂಶಯ ಬಂತು. ನಾಲ್ಕು ಮಿನಾರಿನ ಚಿತ್ರದ ಒಂದು ಬಿಲ್ಲೆಯನ್ನು ಹಲ್ಲಿನಿಂದ ಕಚ್ಚಿ ನೋಡಿ, “ಹೆಚ್ಚಿಗಿ ಯಾಕ ಕೊಡತಾನ ಇಂವಾ? ಖೊಟ್ಟಿ ಅದಾವೇನ?” ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಸರಾಫನಿಗೆ ಕೇಳಿಸಿತು. ಬಯ್ಯಲಿಲ್ಲ, ಪಾಪ. “ಖೊಟ್ಟಿ ಅಲ್ಲರಿ ಯವ್ವಾ. ಆದ್ರ ಒಂದ್ ಮಾತ ಕೇಳ್ರಿ. ಕಲ್ದಾರ್ ಒಂದೂ ಇಟ್ಕೋಬ್ಯಾಡ್ರಿ. ಆ ದಂಡಿಗೆ ಸಿಕ್ರ ಜಪ್ತಿ ಮಾಡತಾರ, ನಿಮ್ಮನ್ನ ಕುಂಡ್ರಸತಾರ. ಉಳದದ್ದು ತಿರಗಿ ಬರೋಮುಂದ ನನ್ನ ಕಡೆನ ಬದಲಿ ಮಾಡ್ಕೊಳ್ರಿ.”

“ಒಂದೂ ಇಲ್ರಿ ಯಪ್ಪಾ,” ಎಂದಳು ಅವ್ವ. ಸುಳ್ಳು ಹೇಳಲಿಲ್ಲ. ನಿಜಕ್ಕೂ ಇಲ್ಲ ಎಂದೇ ಅವಳು ನಂಬಿದ್ದಳು.

ದೊಡ್ಡ ನಾವೆಯಲ್ಲಿ ದಾಟಿದೆವು. ಆ ದಂಡೆಯ ನಾಕಾ ಎಂದರೆ ಒಂದು ತಗಡಿನ ಶೆಡ್ಡು. ಒಳಗೆ ನೆರೆತ ಗಡ್ಡದ ಒಬ್ಬ ಸಾಹೇಬ, ಬಂದೂಕು ಹಿಡಿದ ಇಬ್ಬರು ಸಿಪಾಯಿ. ನಾನು ಬಂದೂಕನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಾಹೇಬನ ಮಾತು ಉರ್ದು, ನಡುನಡುವೆ ಹರಕು ಮುರುಕು ಕನ್ನಡ.

“ಕಲ್ದಾರ್ ಅದೆ?”

“ಇಲ್ರಿ.”

ಸಿಪಾಯಿ ನಮ್ಮ ಗಂಟು ಬಿಚ್ಚಿದ. ಹಸಿರು ಸೀರೆ, ಬಳೆ, ರೊಟ್ಟಿ ಬುತ್ತಿ. ಆಮೇಲೆ ಉಡಿಯಕ್ಕಿಯ ಚೀಲಕ್ಕೆ ಕೈ ಹಾಕಿದ. ಝಣ್ ಎಂದಿತು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲಿನ ನಡುವಿನಿಂದ ಅರಿಷಿಣ ಮೆತ್ತಿದ ಐದು ಬೆಳ್ಳಿಯ ಕಲ್ದಾರ್ ರೂಪಾಯಿ ಒಂದೊಂದಾಗಿ ಮೇಜಿನ ಮೇಲೆ ಬಂದವು.

ಆ ಐದು ರೂಪಾಯಿ ನಮ್ಮ ಅಜ್ಜಿಯ ಕಾಲದವು. ಮನೆಯ ಯಾವ ಹೆಣ್ಣುಮಗಳು ಬಸುರಿಯಾದರೂ ಕುಬಸದ, ಅಂದರೆ ಸೀಮಂತದ, ದಿನ ಅವಳ ಉಡಿಗೆ ಅವೇ ಐದು ಬೀಳಬೇಕು, ಅವಳು ತವರಿಗೆ ಬಂದ ಮೇಲೆ ಮತ್ತೆ ದೇವರ ಕೋಣೆಯ ಗೋಡೆ ಮಾಡದೊಳಗೆ ಹೋಗಬೇಕು. ಬರಗಾಲದಲ್ಲೂ ಅವನ್ನು ಯಾರೂ ಮುರಿಸಿರಲಿಲ್ಲ. ಸರಾಫ ಅಷ್ಟು ಬಿಡಿಸಿ ಹೇಳಿದಾಗ ಅವ್ವನಿಗೆ ಅವು ನೆನಪಾಗಲಿಲ್ಲ. ಲೆಕ್ಕ ಬಲ್ಲ ನನಗೂ ಆಗಲಿಲ್ಲ! ನಮಗೆ ಅವು ಅರಿಷಿಣ ಕುಂಕುಮದ ಹಾಗೆ, ರೊಕ್ಕ ಅಂತ ಅನಿಸಿದರೆ ತಾನೇ ನೆನಪಾಗುವುದು?

“ಝೂಟ್ ಹೇಳ್ತಿ?” ಎಂದ ಸಾಹೇಬ.

ಅವ್ವ ಅಕ್ಕಿಯ ಚೀಲದ ಕಡೆ ಕೈ ತೋರಿಸಿದಳು. “ಅದು ರೊಕ್ಕ ಅಲ್ರಿ. ಉಡಿ.”

ಸಿಪಾಯಿ ನಕ್ಕ. ಅವ್ವ ಸೆರಗೊಡ್ಡಿ ಅಳತೊಡಗಿದಳು. “ಮಗಳು ಬಸರದಾಳ್ರಿ. ಕರ್ಕೊಂಡ ಹೋಗಾಕ ಬಂದೀವಿ. ಬ್ಯಾರೆ ಏನೂ ಇಲ್ರಿ ನಮ್ಮಂತ್ಯಾಕ.” ನನಗೆ ಅಳುವೂ ಬರಲಿಲ್ಲ. ಕಣ್ಣು ಬಂದೂಕಿನ ಮೇಲೇ ಇತ್ತು.

ಸಾಹೇಬ ಐದೂ ರೂಪಾಯಿಯನ್ನು ಒಂದು ಚಿಂದಿಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟು, ಒಂದು ಕಾಗದದ ಮೇಲೆ ಉರ್ದುವಿನಲ್ಲಿ ಸರಸರ ಬರೆದು, ಶಿಕ್ಕಾ ಒತ್ತಿ ಅವ್ವನ ಕೈಯಲ್ಲಿ ಕೊಟ್ಟ. “ವಾಪಸ್ ಇಲ್ಲೇ ಬರಬೇಕು. ಇದು ತೋರಸಬೇಕು. ಜರೂರ್!” ಎಂದು ಬೆರಳು ಆಡಿಸಿದ. ಬೆರಳು ಆಡಿಸಿದ್ದೇ ನಮಗೆ ನೆನಪುಳಿಯಿತು.

ಶೆಡ್ಡು ದಾಟಿದ ಮೇಲೆ ಅವ್ವ ಹೇಳಿದಳು, “ಹಿಡಿಯೋ ಕಾಗದ ಕೊಟ್ಟಾನ. ಈಗ ಬಿಟ್ಟು, ತಿರಗಿ ಬರೋಮುಂದ ಹಿಡೀತಾನ.” ನನಗೂ ಹಾಗೇ ಅನಿಸಿತು. ಅಂಜಿದವನಿಗೆ ಹಗ್ಗವೂ ಹಾವು.

ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಗೂ ಮೊದಲ ಪ್ರಶ್ನೆ ಒಂದೇ: “ಹಾಲಿಯೋ, ಕಲ್ದಾರೋ?” ಚಕ್ಕಡಿಯವನೂ ಕೇಳಿದ, ಚುರುಮುರಿ ಮಾರುವವಳೂ ಕೇಳಿದಳು. ಕೇಳಿದಾಗಲೆಲ್ಲ ಅವ್ವ ಬೆಚ್ಚಿ ಬೀಳುತ್ತಿದ್ದಳು. ಒಂದಾಣೆಯ ಚುರುಮುರಿಗೆ ಚಿಲ್ಲರೆ ಎಷ್ಟು ಬರಬೇಕೆಂದು ಕೂಡ ಕೇಳದೆ ಕೊಟ್ಟಷ್ಟು ತೆಗೆದುಕೊಂಡೆವು.

ಬೀಗರ ಮನೆಯಲ್ಲಿ ಉರ್ದು ಓದಬಲ್ಲವರು ಇಬ್ಬರಿದ್ದರು. ಅಕ್ಕನ ಮಾವನೇ ಉರ್ದು ಸಾಲಿಯಲ್ಲಿ ಕಲಿತವರು. ಕಾಗದ ಅವರ ಮುಂದೆ ಇಟ್ಟಿದ್ದರೆ ಮುಗಿದಿತ್ತು. “ತೋರಸೂಣು ಯವ್ವಾ,” ಎಂದೆ.

“ಬಾಯಿ ಮುಚ್ಚ ಖೋಡಿ. ನಾಕಾದಾಗ ಕಳ್ಳರಂಗ ಸಿಕ್ಕಿವಿ ಅಂತ ಬೀಗರ ಮುಂದ ಹೇಳ್ಲೇನು? ನಾಳಿ ನಿಮ್ಮ ಅಕ್ಕ ಇದ ಮನ್ಯಾಗ ಬಾಳ್ವೆ ಮಾಡಬೇಕು,” ಎಂದು ಕಾಗದವನ್ನು ಕುಪ್ಪಸದೊಳಗೆ ತುರುಕಿಕೊಂಡಳು.

ಮರುದಿನ ಅಕ್ಕನ ಉಡಿ ತುಂಬಿದರು. ಅವ್ವ ಹಾಲಿಯ ಐದು ಬಿಲ್ಲೆ ಹಾಕಿದಳು. ಬೀಗಿತ್ತಿಗೆ ಏನೂ ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಯಿತು. ಉಡಿ ನೋಡಿ ಅವ್ವನ ಮುಖ ನೋಡಿದಳು.

ತಿರುಗಿ ಬರುವಾಗ ಅವ್ವ ನಾಕಾದ ದಾರಿ ಹಿಡಿಯಲಿಲ್ಲ. ಹೊಳೆಯ ಕೆಳಕ್ಕೆ ಎರಡು ಹರದಾರಿ ದೂರದಲ್ಲಿ ಒಬ್ಬ ಅಂಬಿಗ ಹರಗೋಲು ಹಾಕುತ್ತಾನೆ ಎಂದು ಯಾರಿಂದಲೋ ತಿಳಿದುಕೊಂಡಿದ್ದಳು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯ ಕೆಸರಿನಲ್ಲಿ ಅಕ್ಕ ಜಾರಿ, ಹರಗೋಲಿನ ಅಂಚಿಗೆ ಹೊಟ್ಟೆ ಬಡಿದು ಕೂತುಬಿಟ್ಟಳು. “ಏನೂ ಆಗಿಲ್ಲ,” ಎಂದಳು. ನಡುಹೊಳೆಯಲ್ಲಿ ಹರಗೋಲು ಗಿರ್ರನೆ ತಿರುಗಿ ನೀರು ಒಳಗೆ ಬಂತು. ನಾನು ಕೈಯಿಂದಲೇ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದೆ. ಈ ದಂಡೆಗೆ ಬಂದಾಗ ಅಕ್ಕ ನನ್ನ ರಟ್ಟೆ ಹಿಡಿದು, “ಬ್ಯಾನಿ ಶುರು ಆತು,” ಎಂದಳು.

ನಮ್ಮ ದಂಡೆಗೆ ಬಂದೆವಲ್ಲ, ಇನ್ನೇನು ಹೆದರಿಕೆ ಅಂದುಕೊಂಡರೆ, ಅಲ್ಲಿ ಸರಾಫ ಇಲ್ಲ. ಕೈಯಲ್ಲಿದ್ದದ್ದು ಬರೀ ಹಾಲಿ. ಹೊಲದಲ್ಲಿ ಒಂದು ಚಕ್ಕಡಿ ಕಂಡಿತು. ಅವ್ವ ಓಡಿಹೋಗಿ ಹಿಡಿಯಷ್ಟು ಬಿಲ್ಲೆ ಮುಂದೆ ಹಿಡಿದಳು.

“ಈ ಮಿನಾರದ ಬಿಲ್ಲಿ ತಗೊಂಡ ನಾ ಏನ ಮಾಡ್ಲಿ? ನಮ್ಮೂರಾಗ ಎಳ್ಳಷ್ಟೂ ನಡೆಯಂಗಿಲ್ಲ. ಕಲ್ದಾರ್ ಇದ್ರ ಹೇಳ್ರಿ,” ಎಂದ ಗಾಡಿಯವನು.

ಆ ಐದು ರೂಪಾಯಿ ಇದ್ದಿದ್ದರೆ! ಆ ಕ್ಷಣ ಅವ್ವ ಅವನ್ನು ಉಡಿ ಎನ್ನುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವಳು ಅವನ ಕಾಲು ಹಿಡಿಯಲು ಹೋದಳು. ಅಕ್ಕ ಮಣ್ಣಿನಲ್ಲಿ ಒರಗಿ ಒದರುತ್ತಿದ್ದಳು. ನಾನು ಆ ಗಾಡಿಯವನಿಗೆ ಬಾಯಿಗೆ ಬಂದದ್ದು ಬೈದೆ. ಕಡೆಗೆ ಅವ್ವ ಕೈಯ ಬೆಳ್ಳಿಯ ಕಡಗ ಕಳಚಿಕೊಟ್ಟ ಮೇಲೆ ಅವನು ಎತ್ತು ಹೂಡಿದ. ಹತ್ತಿರದ ಊರು ಮುಟ್ಟಿ, ಸೂಲಗಿತ್ತಿಯನ್ನು ಕರೆಸುವಷ್ಟರಲ್ಲಿ ಹೊತ್ತು ಇಳಿದಿತ್ತು.

ಗಂಡುಕೂಸು. ಅಂಗೈಯಷ್ಟು ಇತ್ತು. ಮರುದಿನ ಮಧ್ಯಾಹ್ನದವರೆಗೆ ಉಸಿರಾಡಿತು. ಅಕ್ಕ ಉಳಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಅವ್ವ ಯಾರ ಮುಂದೆಯೂ ಅಳಲಿಲ್ಲ. ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿ, “ನಾಕಾದ ದಾರಿ ಹಿಡಿದಿದ್ರ?” ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಮತ್ತೆ ತಾನೇ, “ಹಿಡಿದಿದ್ರ ಜೇಲು,” ಎಂದು ರೊಟ್ಟಿ ಬಡಿಯುತ್ತಿದ್ದಳು. ವರ್ಷಗಟ್ಟಲೆ ಇದೇ ನಡೆಯಿತು.

ಕೆಲವು ವರ್ಷಗಳಾದ ಮೇಲೆ ಮೊಗಲಾಯಿಯೇ ಹೋಯಿತು, ಹಾಲಿ ಸಿಕ್ಕಾ ಇನ್ನು ನಡೆಯುವುದಿಲ್ಲ, ಬದಲಿಸಿಕೊಳ್ಳಿ ಎಂಬ ಸುದ್ದಿ ಬಂತು. ಯಳವಿ ಎಂಬ ಊರಿಗೆ ಮದುವೆಯಾಗಿ ಹೋಗಿದ್ದ ನಾನು ಗಂಡನ ಸಂಗಡ ಸೊಲ್ಲಾಪುರಕ್ಕೆ ಹೊರಟಿದ್ದೆ. ಅವ್ವ ಉಳಿದಿದ್ದ ಬಿಲ್ಲೆಗಳ ಪೊಟ್ಟಣ ಕೈಗಿಟ್ಟಳು. ಪೊಟ್ಟಣ ಕಟ್ಟಿದ್ದು ಅದೇ ಕಾಗದದಲ್ಲಿ. “ಅದರಾಗ ಏನ ಬರದಾನ ಅಂತ ಓದಿಸ್ಕೊಂಡ ಬಾ,” ಎಂದಳು. ನನ್ನ ಮುಖ ನೋಡದೆ ಹೇಳಿದಳು.

ಸೊಲ್ಲಾಪುರದ ಸರಾಫ ಬಿಲ್ಲೆ ಎಣಿಸಿ ಬದಿಗಿಟ್ಟು, ಕಾಗದ ಬಿಡಿಸಿ ಬೆಳಕಿಗೆ ಹಿಡಿದ. ಎರಡು ಸಲ ಓದಿ ಹೇಳಿದ:

“ಈ ಹೆಣ್ಣಮಕ್ಕಳ ಐದು ರೂಪಾಯಿ ರೊಕ್ಕ ಅಲ್ಲ, ಮಗಳ ಉಡಿಯ ಶಾಸ್ತ್ರದ್ದು. ನನ್ನ ಕಡೆ ಜೋಪಾನ ಅದಾವ. ತಿರಗಿ ಬಂದಾಗ ಕೊಡಬೇಕು. ಬಸುರಿ ಇರತಾಳ, ಯಾರೂ ತಡೀಬ್ಯಾಡ್ರಿ, ದೊಡ್ಡ ನಾವ್ಯಾಗ ಮೊದಲ ಕುಂಡ್ರಿಸಿ ದಾಟಸ್ರಿ.”

ನಾಕಾದ ಬಂದೂಕಿನ ಮುಂದೂ ಅಷ್ಟು ಹೆದರಿರಲಿಲ್ಲ. ಇದನ್ನು ಅವ್ವನಿಗೆ ಹೇಗೆ ಹೇಳಲಿ? ದಾರಿಯುದ್ದಕ್ಕೂ ಗಂಡ ಮಾತಾಡಿಸಿದರೆ ಅವನ ಮೇಲೆ ಹರಿಹಾಯ್ದೆ.

ಅವ್ವ ವಳಸಂಗದಲ್ಲಿ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಬದಲಿಸಿ ತಂದ ರೂಪಾಯಿ ಕೊಟ್ಟರೆ ಎಣಿಸಲೂ ಇಲ್ಲ.

“ಏನ ಬರದಾನಂತ?”

“ಹಿಡೀರಿ ಅಂತ ಬರದಾನ ಯವ್ವಾ. ಮೂರೂ ಮಂದಿನ.”

ಅವ್ವನ ಹೆಗಲು ಇಳಿಯಿತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದಂತೆ ಉಸಿರು ಬಿಟ್ಟಳು. “ನಾ ಹೇಳಿದ್ದಿಲ್ಲ? ನನಗ ಅವತ್ತ ಗೊತ್ತಿತ್ತು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎರಡೂ ಕೈಯ ಬೆರಳು ಮುರಿದು, “ಆ ಸಾಯೇಬನ ಮನಿ ಹಾಳಾಗ್ಲಿ. ಅವನ ವಂಶ ಬೆಳೀದಂಗಾಗ್ಲಿ. ಹೂಂ ಅನ್ನ,” ಎಂದಳು.

ನಾನು ಹೂಂ ಅಂದೆ.