ಹಾಸಿಗೆ ಅಂಗಡಿಯಲ್ಲಿ ನಮ್ಮ ಅತ್ತಿಗೆ

ನಮ್ಮವರ ಅಕ್ಕ, ನನಗೆ ಅತ್ತಿಗೆ, ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೆ ಮೈಯೆಲ್ಲ ನೋವು. ಒಂದು ದಿನ ಬೆನ್ನಿನಲ್ಲಿ, ಇನ್ನೊಂದು ದಿನ ಭುಜದಲ್ಲಿ, ಕೆಲವು ದಿನ ಎಲ್ಲಿ ಅಂತ ಹೇಳುವುದಕ್ಕೂ ಆಗದ ಹಾಗೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನು ಎಲ್ಲ ಆಯಿತು. ಕಣ್ಣಿಗೆ ಬೀಳುವಂಥದ್ದು ಏನೂ ಸಿಗಲಿಲ್ಲ. ಇದು ಹೋಗುವ ನೋವಲ್ಲ, ಜೊತೆಗಿಟ್ಟುಕೊಂಡೇ ಬದುಕಬೇಕು ಎಂದು ಡಾಕ್ಟರು ಹೇಳಿದ ದಿನ ಅತ್ತಿಗೆ, "ಸರಿ ಬಿಡಿ, ಮದುವೆ ಆಗಿಲ್ಲ ಅನ್ನೋ ಕೊರತೆ ತೀರ್ತು" ಅಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸ ಮಾತ್ರ ಯಾವುದೂ ಕೈಯಲ್ಲಿ ನಿಲ್ಲಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರಲು ಆಗಲಿಲ್ಲ. ಔಷಧಿ ಅಂಗಡಿಯಲ್ಲಿ ನೋವಿನ ವಿಷಯ ಮೊದಲೇ ಹೇಳಿದ್ದಕ್ಕೆ ಬಾಗಿಲಿನಲ್ಲೇ ಕೈಮುಗಿದು ಕಳಿಸಿದರು. ನೋಡಲು ಗಟ್ಟಿಮುಟ್ಟಾಗಿದ್ದಾರಲ್ಲ, ಸೋಮಾರಿತನಕ್ಕೆ ಒಂದು ನೆಪ ಎಂದು ನೆಂಟರ ಬಾಯಲ್ಲೂ ಬಂತು. ತಮ್ಮನ ಮನೆಯಲ್ಲಿ ಕೂತು ತಿನ್ನುತ್ತಿದ್ದೇನೆ ಎಂಬ ಕೊರಗು ಅತ್ತಿಗೆಗೆ ನೋವಿಗಿಂತ ಹೆಚ್ಚಾಯಿತು. ಹಾಗಾಗಿ ಮುಖ್ಯ ರಸ್ತೆಯ ಹಾಸಿಗೆ ಅಂಗಡಿಗೆ ಸೇರುವಾಗ ನೋವಿನ ಬಗ್ಗೆ ತುಟಿಪಿಟಕ್ ಅನ್ನಲಿಲ್ಲ.

ಆ ಅಂಗಡಿಯದು ಒಂದು ವಿಚಿತ್ರ ಪದ್ಧತಿ. ಮಂಚಗಳ ಮೇಲೆ ಸಾಲಾಗಿ ಹಾಸಿಗೆಗಳು, ಎಲ್ಲಕ್ಕೂ ಬಿಗಿಯಾಗಿ ಪ್ಲಾಸ್ಟಿಕ್ ಹೊದಿಕೆ. ಕೊಳೆಯಾದರೆ ಯಾರು ಕೊಳ್ಳುತ್ತಾರೆ ಎಂದು ಯಜಮಾನರ ಭಯ. ಬಂದವರು ಮುಷ್ಟಿಯಿಂದ ಒತ್ತಿ, ಅಂಗೈಯಿಂದ ತಟ್ಟಿ, ಕಲ್ಲಂಗಡಿ ಹಣ್ಣು ಆರಿಸಿದ ಹಾಗೆ ಹಾಸಿಗೆ ಆರಿಸುತ್ತಿದ್ದರು. ಮಲಗುವುದಿರಲಿ, ಅಂಚಿಗೆ ಕೂರುವುದಕ್ಕೂ ಸಂಕೋಚ. ಅಷ್ಟೊಂದು ಹಾಸಿಗೆಗಳ ನಡುವೆ ಅತ್ತಿಗೆ ದಿನವಿಡೀ ನಿಂತಿರಬೇಕು. ಬಾಯಾರಿದವರನ್ನು ನಲ್ಲಿ ಕಾಯಲು ನಿಲ್ಲಿಸಿದ ಹಾಗೆ.

ಒಂದು ದಿನ ಮಾತ್ರೆ ಮರೆತು ಹೋದರು. ನನ್ನ ಜೀವ ತಡೆಯಬೇಕಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು, ಮಾತ್ರೆ ಹಿಡಿದು ಅಂಗಡಿಗೆ ಓಡಿದೆ. ಒಳಗೆ ಕಾಲಿಟ್ಟರೆ, ಅತ್ತಿಗೆ ಮೂಲೆಯ ಹಾಸಿಗೆಯ ಮೇಲೆ ಮಲಗಿದ್ದಾರೆ, ಮುಖವೆಲ್ಲ ಬೆವರು. ಹಾಸಿಗೆ ಕೊಳ್ಳಲು ಬಂದ ವಯಸ್ಸಾದ ಗಂಡ ಹೆಂಡತಿ ಏನು ಮಾಡಬೇಕೋ ತಿಳಿಯದೆ ಪಕ್ಕದಲ್ಲಿ ನಿಂತಿದ್ದಾರೆ. ಅತ್ತಿಗೆ ಏಳಲು ನೋಡಿದರು, ಆಗಲಿಲ್ಲ. ಮಲಗಿದಲ್ಲಿಂದಲೇ ಹೇಳಿದರು: "ತಪ್ಪು ತಿಳ್ಕೋಬೇಡಿ ಸರ್, ಬೆನ್ನು ನೋವು, ಈಗ ಏಳೋಕಾಗ್ತಿಲ್ಲ. ಇದು ತೀರಾ ಮೆತ್ತಗಾಯ್ತು, ಬೆನ್ನು ಒಳಕ್ಕೆ ಹೋಗತ್ತೆ. ಆ ಕಡೆದು ನೋಡಿ."

ಆ ಹಿರಿಯರು ಹೆಂಡತಿಯ ಮುಖ ನೋಡಿ, ಚಪ್ಪಲಿ ಬಿಟ್ಟು, ಆ ಕಡೆಯದರ ಮೇಲೆ ಮಲಗಿಯೇಬಿಟ್ಟರು. ಪ್ಲಾಸ್ಟಿಕ್ಕು ಪರಪರ ಅಂದಿತು. ತಮಗೂ ಅದೇ ತಾಪತ್ರಯ ಎಂದು ಚಾವಣಿ ನೋಡುತ್ತಾ ಶುರು ಮಾಡಿದವರು, ಬೆನ್ನಿನ ಕಷ್ಟಸುಖವನ್ನೆಲ್ಲ ಅತ್ತಿಗೆಗೆ ಒಪ್ಪಿಸಿದರು. ಹೆಂಡತಿ ನನ್ನ ಕಡೆ ತಿರುಗಿ, "ಮನೇಲಿ ನನ್ಹತ್ರ ಇಷ್ಟು ಮಾತಾಡಲ್ಲ ಇವರು" ಅಂದರು.

ನಾನು ಅತ್ತಿಗೆಗೆ ಮಾತ್ರೆ ನುಂಗಿಸುವಷ್ಟರಲ್ಲಿ ಯಜಮಾನರು ಗೋದಾಮಿನಿಂದ ಬಂದರು. ಈ ಕೆಲಸವೂ ಹೋಯಿತು ಅಂದುಕೊಂಡೆ. ಅವರು ಗಿರಾಕಿಗಳನ್ನು ಬಾಗಿಲವರೆಗೆ ಕಳಿಸಿ ಬಂದು, ಕುರ್ಚಿ ಎಳೆದುಕೊಂಡು ಕೂತರು.

"ಯಾಕಮ್ಮ, ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಸೇರಿಸ್ಕೋತಿದ್ರಾ?"

ಯಜಮಾನರು ಸ್ವಲ್ಪ ಯೋಚಿಸಿದರು. "ಇಲ್ಲ," ಅಂದರು. "ಸೇರಿಸ್ಕೋತಿರಲಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದು ಆ ಗಳಿಗೆಯಿಂದಲೇ ನನಗೆ ಅವರ ಮೇಲೆ ಗೌರವ. ಆಮೇಲೆ, ಯಾವ ಹೊತ್ತಿನಲ್ಲಿ ನೋವು ಜಾಸ್ತಿ, ಎಷ್ಟು ಹೊತ್ತು ನಿಲ್ಲಬಹುದು, ಕೂತರೆ ಹೇಗೆ ಎಂದು ಒಂದೊಂದೇ ಕೇಳಿದರು. ನಂಬದ ಹಾಗೆ ಅಲ್ಲ, ತಿಳಿದುಕೊಳ್ಳುವ ಹಾಗೆ. ಡಾಕ್ಟರನ್ನು ಬಿಟ್ಟರೆ ಹಾಗೆ ಕೇಳಿದವರು ಅವರೊಬ್ಬರೇ.

ಈಗ ಬೆಳಗಿನ ಹೊತ್ತು ಬೇರೊಬ್ಬರು, ಮಧ್ಯಾಹ್ನದ ಮೇಲೆ ಅತ್ತಿಗೆ. ಒಂದು ಎತ್ತರದ ಸ್ಟೂಲು ಬಂದಿದೆ. ಮೂಲೆಯ ಎರಡು ಹಾಸಿಗೆಗಳ ಪ್ಲಾಸ್ಟಿಕ್ಕು ಕಿತ್ತು ಚಾದರ ಹಾಸಿದ್ದಾರೆ. ಕೊಳ್ಳುವವರು ಮಲಗಿ ನೋಡಬಹುದು, ನೋವು ಬಂದಾಗ ಅತ್ತಿಗೆಯೂ. ನೋವು ಹೋಗಿಲ್ಲ. ಕೆಲವು ದಿನ ಮನೆಯಿಂದ ಹೊರಡಲೇ ಆಗುವುದಿಲ್ಲ. ಆಗ ಯಜಮಾನರಿಗೆ ಒಂದು ಮಾತು ತಿಳಿಸಿದರೆ ಸಾಕು, ಕಥೆ ಕಟ್ಟಬೇಕಾಗಿಲ್ಲ.

ಮೊನ್ನೆ ಮನಸ್ಸು ತಡೆಯದೆ ಫೋನು ಮಾಡಿದೆ. ನಿಂತಿದ್ದೀರೋ ಕೂತಿದ್ದೀರೋ ಎಂದು ಕೇಳಿದೆ.

"ಮಲಗಿದ್ದೀನಿ ಕಣೇ," ಅಂದರು. "ಪಕ್ಕದ ಮಂಚದಲ್ಲಿ ಗಿರಾಕಿ ಇದ್ದಾರೆ. ಕೆಲಸದ ಹೊತ್ತಲ್ಲಿ ಹೀಗೆಲ್ಲ ಫೋನ್ ಮಾಡಬೇಡ."

ಬೈಸಿಕೊಂಡು ಅಷ್ಟು ನೆಮ್ಮದಿಯಾದದ್ದು ನನಗೆ ಅದೇ ಮೊದಲು.